ಬೀಟ್ರೂಟ್ ಹೊಲದಲ್ಲಿ ನಾಲ್ಕು ಪಟ್ಟೆ

ತಾಳವಾಡಿ ಕಡೆ ಬೀಟ್ರೂಟ್ ಹಾಕುವ ಕಾಲ ಬಂತೆಂದರೆ ಊರಲ್ಲಿ ಒಂದೇ ಮಾತು, ಡಿಎಪಿ ಸಿಕ್ತಾ? ಡಿಎಪಿ ಅಂದರೆ ರಂಜಕ, ಸಾರಜನಕ ಎರಡೂ ಇರುವ ರಸಗೊಬ್ಬರ. ಬಿತ್ತುವಾಗ ಎಕರೆಗೆ ಅದು ಮೂರು ಚೀಲ, ಆಮೇಲೆ ಎರಡು ಕಂತಲ್ಲಿ ಎರಡು ಚೀಲ ಯೂರಿಯಾ, ಕೈಯಲ್ಲಿ ಕಾಸು ಉಳಿದಿದ್ದರೆ ಪೊಟ್ಯಾಶ್. ನಾನು ಮದುವೆಯಾಗಿ ಈ ಊರಿಗೆ ಬಂದಾಗಲೂ ಇದೇ ಲೆಕ್ಕ, ಮೊನ್ನೆ ಮೊನ್ನೆವರೆಗೂ ಇದೇ ಲೆಕ್ಕ. ಯಾಕೆ ಮೂರು, ಎರಡು ಯಾಕಲ್ಲ ಅಂತ ಯಾರೂ ಕೇಳಿದವರಿಲ್ಲ.

ನಮ್ಮದು ತಮಿಳುನಾಡಿನ ಈರೋಡ್ ಜಿಲ್ಲೆ. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಚಾಮರಾಜನಗರವಾದರೆ ಇತ್ತ ಪಕ್ಕದಲ್ಲೇ. ಮನೆಮಾತು ಕನ್ನಡ, ಗೊಬ್ಬರದ ಚೀಲದ ಮೇಲಿನ ಬರಹ ತಮಿಳು, ಬೆಳೆದ ತರಕಾರಿ ಬಹುಪಾಲು ಮೇಟ್ಟುಪಾಳ್ಯಂ ಮಂಡಿಗೆ. ಹೊಲದ ಆಚೆ ಬದಿಯಲ್ಲಿ ಕಾಡು. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಡಿಎಪಿ ಒಂದು ಚೀಲಕ್ಕೆ 1350 ರೂಪಾಯಿ. ಬೆಲೆಗಿಂತ ಜಾಸ್ತಿ ಕಷ್ಟ ಸಿಗದೇ ಇರುವುದು. ಮಳೆ ಬಿದ್ದು ಹದ ಬಂದ ದಿನ ಅಂಗಡಿಯಲ್ಲಿ ಸ್ಟಾಕ್ ಇರುವುದಿಲ್ಲ. ಇದ್ದರೂ ಜೊತೆಗೆ ಬೇಡದ ಇನ್ನೊಂದು ಸಾಮಾನು ತಗೋ ಅಂತಾರೆ. ಜೀವಾಣು ಗೊಬ್ಬರದ ಕಡೆ, ಅಂದರೆ ಗಿಡಕ್ಕೆ ನೆರವಾಗುವ ಬ್ಯಾಕ್ಟೀರಿಯಾ ತುಂಬಿದ ಪೊಟ್ಟಣ, ಬಾಟಲಿಗಳ ಕಡೆ ನನ್ನ ಕಣ್ಣು ಹೋಗಿದ್ದು ಹೀಗೆ, ಮಣ್ಣಿನ ಮೇಲಿನ ಪ್ರೀತಿಯಿಂದ ಅಂತೇನೂ ಅಲ್ಲ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಅಂತ ಗೋಬಿಚೆಟ್ಟಿಪಾಳ್ಯದ ಮೈರಾಡ ಕೃಷಿ ವಿಜ್ಞಾನ ಕೇಂದ್ರದವರು ಹೇಳಿದರು. ಹೊಲದಲ್ಲಿ ಅಡ್ಡಾದಿಡ್ಡಿ ನಡೆದು ಅಲ್ಲಲ್ಲಿ ಗೇಣುದ್ದ ಗುಂಡಿ ತೋಡಿ, ಪಕ್ಕದ ಗೋಡೆಯಿಂದ ಮಣ್ಣು ಕೆರೆದು, ಎಲ್ಲ ಕಲೆಸಿ, ಅರ್ಧ ಕೆಜಿ ಉಳಿಸಿ, ನೆರಳಲ್ಲಿ ಒಣಗಿಸಿ ಕೊಡುವುದು. ಬೇಸಾಯಗಾರರಿಗೆ ಇದು ಹೊಸದಲ್ಲ. ಪರೀಕ್ಷೆಯ ಫಲಿತಾಂಶ ಬರೆದ ಕಾರ್ಡು ಬಂದ ಮೇಲೆ ಗೋಡೆಗೆ ಸಿಕ್ಕಿಸಿ ಮರೆಯುವುದೂ ಹೊಸದಲ್ಲ.

ನಮ್ಮ ಕಾರ್ಡು ಹೇಳಿದ್ದು ಇಷ್ಟು. ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕೆಳಗೆ, ಅಂದರೆ ಕಡಿಮೆ. ಸಾರಜನಕ ಕಡಿಮೆ. ಪೊಟ್ಯಾಶ್ ಮಧ್ಯಮ. ರಂಜಕ ಮಾತ್ರ ವಿಪರೀತ ಜಾಸ್ತಿ. ಹೆಕ್ಟೇರಿಗೆ 22 ಕೆಜಿ ದಾಟಿದರೇ ಹೆಚ್ಚು ಅಂತ ಇಲ್ಲಿ ಲೆಕ್ಕ ಹಿಡಿಯುತ್ತಾರೆ. ನಮ್ಮ ಹೊಲದಲ್ಲಿ ಅದರ ಎರಡರಷ್ಟಕ್ಕಿಂತ ಜಾಸ್ತಿ ಇತ್ತು. ಮಣ್ಣು ಸ್ವಲ್ಪ ಕ್ಷಾರದ ಕಡೆ. ನಮ್ಮ ಬೋರ್ ನೀರು ಗಡಸು, ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಪದರ ಕೂರುತ್ತದೆ. ಅದೇ ಸುಣ್ಣ ಮಣ್ಣಲ್ಲೂ ಇದೆ.

ಆ ರಾತ್ರಿ ಮಗಳು ಲೆಕ್ಕ ಹಾಕಿ ಕೊಟ್ಟಳು. 50 ಕೆಜಿ ಡಿಎಪಿ ಚೀಲದಲ್ಲಿ ಗೊಬ್ಬರದ ಲೆಕ್ಕದ ರಂಜಕ (ಅದರ ಜೊತೆಗಿನ ಆಮ್ಲಜನಕವನ್ನೂ ಸೇರಿಸಿ ಚೀಲದ ಮೇಲೆ ಬರೆಯುವ ತೂಕ) 23 ಕೆಜಿ, ಸಾರಜನಕ 9 ಕೆಜಿ. ಮೂರು ಚೀಲಕ್ಕೆ ರಂಜಕ 69 ಕೆಜಿ ಆಯಿತು. ಇನ್ನು ಹೊರಗೆ ಹೋಗುವುದೆಷ್ಟು? ನೂರು ಗ್ರಾಂ ಬೀಟ್ರೂಟಿನಲ್ಲಿ ರಂಜಕ ಇರುವುದು ಸುಮಾರು 40 ಮಿಲಿಗ್ರಾಂ. ಎಕರೆಗೆ ಎಂಟು ಟನ್ ಗೆಡ್ಡೆ ಬಂತು ಅಂದುಕೊಂಡರೂ ಲೋಡಿನ ಜೊತೆ ಹೋಗುವುದು ಮೂರು ಕೆಜಿ ಚಿಲ್ಲರೆ. ಚೀಲದ ಮೇಲೆ ಬರೆಯುವ ಲೆಕ್ಕಕ್ಕೆ ತಿರುಗಿಸಿದರೆ ಏಳು ಕೆಜಿ. ಸೊಪ್ಪಲ್ಲೂ ಸ್ವಲ್ಪ ಇರುತ್ತದೆ ನಿಜ, ಆದರೆ ಸೊಪ್ಪನ್ನು ನಾವು ಹೊಲದಲ್ಲೇ ಕೊಯ್ದು ಬಿಡುತ್ತೇವೆ. 69 ಹಾಕಿ ಏಳು ತೆಗೆಯುತ್ತಿದ್ದೆವು. ಉಳಿದದ್ದು ಸುಣ್ಣದ ಜೊತೆ ಗಂಟುಬಿದ್ದು ಮಣ್ಣಲ್ಲೇ ಕೂತಿದೆ.

ಪೊಟ್ಯಾಶ್ ಲೆಕ್ಕ ಉಲ್ಟಾ. ನೂರು ಗ್ರಾಂ ಗೆಡ್ಡೆಯಲ್ಲಿ 325 ಮಿಲಿಗ್ರಾಂ. ಎಂಟು ಟನ್ನಿಗೆ 26 ಕೆಜಿ, ಗೊಬ್ಬರದ ಲೆಕ್ಕಕ್ಕೆ 31 ಕೆಜಿ. ಅಂದರೆ ಒಂದು ಚೀಲ ಪೊಟ್ಯಾಶ್ ಇಡಿಯಾಗಿ ಲಾರಿ ಹತ್ತಿ ಹೋಗುತ್ತದೆ. ನಾವು ದುಡ್ಡು ಉಳಿಸಲು ಹೋಗಿ ಬಿಡುತ್ತಿದ್ದುದು ಅದನ್ನೇ!

ಈಗ ಬ್ಯಾಕ್ಟೀರಿಯಾ ವಿಷಯ. ಅವರೆ, ಅಲಸಂದೆ ಬೇರಲ್ಲಿ ಗಂಟು ಕಟ್ಟುತ್ತದಲ್ಲ, ಅದು ರೈಜೋಬಿಯಂ. ಅದರ ಕೆಲಸ ಕಾಳಿನ ಗಿಡಕ್ಕೆ ಮಾತ್ರ. ಬೀಟ್ರೂಟ್, ಕ್ಯಾರೆಟ್, ಮೂಲಂಗಿಗೆ ಅದು ದಂಡ. ಇವಕ್ಕೆ ಬೇಕಾದದ್ದು ಗಂಟು ಕಟ್ಟದೆ ಬೇರಿನ ಸುತ್ತ ಬದುಕುವ ಜಾತಿ. ಸಾರಜನಕಕ್ಕೆ ಅಜೋಸ್ಪೈರಿಲಂ. ಇದು ಗಾಳಿಯ ಸಾರಜನಕ ಹಿಡಿಯುತ್ತದೆ ಅಂತ ಪೊಟ್ಟಣದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಹಿಡಿಯುವುದು ನಿಜ, ಆದರೆ ಬೇರು ಕವಲೊಡೆಯುವಂತೆ, ಬೇರಿನ ರೋಮ ಹೆಚ್ಚುವಂತೆ ಮಾಡುವುದೂ ಅದಕ್ಕೆ ಕಡಿಮೆಯಿಲ್ಲದ ಕೆಲಸ. ಬೇರು ಹರಡಿದಷ್ಟೂ ಇರುವ ಗೊಬ್ಬರ ವ್ಯರ್ಥವಾಗದೆ ಗಿಡಕ್ಕೆ ಸಿಗುತ್ತದೆ. ರಂಜಕಕ್ಕೆ ಬ್ಯಾಸಿಲಸ್ ಮೆಗಟೇರಿಯಂ ಇರುವ ಬಾಟಲಿ, ನಮ್ಮ ಕಡೆ ಅಂಗಡಿಯಲ್ಲಿ ಪಾಸ್ಫೋಬ್ಯಾಕ್ಟೀರಿಯಾ ಅಂದರೆ ಕೊಡುತ್ತಾರೆ. ಇದು ಹುಳಿ ಬಿಟ್ಟು ಸುಣ್ಣದಿಂದ ರಂಜಕವನ್ನು ಬಿಡಿಸುತ್ತದೆ. ಪೊಟ್ಯಾಶ್‌ಗೆ ಫ್ರಾಟೂರಿಯಾ ಅಂತ ಇನ್ನೊಂದಿದೆ. ಆದರೆ ಅದು ಮಣ್ಣಲ್ಲಿರುವುದನ್ನು ಬಿಡಿಸಿ ಕೊಡುತ್ತದೆಯೇ ಹೊರತು ಹೊಸದಾಗಿ ಹುಟ್ಟಿಸುವುದಿಲ್ಲ. ಲಾರಿ ಹತ್ತಿ ಹೋದದ್ದನ್ನು ನಾವೇ ತುಂಬಬೇಕು. ಅದಕ್ಕೇ ಅದನ್ನು ತರಲಿಲ್ಲ.

ಅಂದಹಾಗೆ, ಬೇರಿನ ಸುತ್ತ ಬದುಕಿ ಗಿಡ ಬೆಳೆಸುವ ಬ್ಯಾಕ್ಟೀರಿಯಾ ಅನ್ನುವ ಗುಂಪಿಗೆ ಹೆಸರಿಟ್ಟಿದ್ದೇ ಬೇರಿನ ಬೆಳೆಯ ಮೇಲಿನ ಕೆಲಸದಿಂದ. 1978ರಲ್ಲಿ ಕ್ಲೋಪರ್ ಮತ್ತು ಶ್ರಾಥ್ ಅನ್ನುವ ಇಬ್ಬರು ಮೂಲಂಗಿ ಮೇಲೆ ಮಾಡಿದ ಪ್ರಯೋಗ ಅದು. ಇದನ್ನು ಓದಿದಾಗ ನನಗೆ ಸ್ವಲ್ಪ ಧೈರ್ಯ ಬಂತು. ಭತ್ತ, ಜೋಳದ ಮಾತನ್ನು ತಂದು ನಮ್ಮ ಬೀಟ್ರೂಟಿಗೆ ಅಂಟಿಸುತ್ತಿಲ್ಲ ಅಂತ.

ಕೊಳ್ಳುವ ಕೆಲಸವೇ ಒಂದು ಕಥೆ. ಮೊದಲು ಹೋದ ಅಂಗಡಿಯಲ್ಲಿ ಪೊಟ್ಟಣಗಳು ಅಟ್ಟದ ಮೇಲೆ, ಶೀಟಿನ ಕೆಳಗೇ ಇದ್ದವು. ಏಪ್ರಿಲ್ ಬಿಸಿಲು. ಕೈಗೆ ತಗೊಂಡರೆ ಬೆಚ್ಚಗಿತ್ತು. ತಾರೀಖಿನ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರು, ಉಗುರಲ್ಲಿ ಎಬ್ಬಿಸಿದರೆ ಅವಧಿ ಯಾವತ್ತೋ ಮುಗಿದಿತ್ತು. "ಇದೇನಕ್ಕ ಔಷಧಿನಾ, ಕೆಡೋಕೆ? ಗೊಬ್ಬರ ತಾನೇ?" ಅಂದರು ಅಂಗಡಿಯವರು. ಗೊಬ್ಬರವಾಗಿದ್ದರೆ ಸರಿಯೇ. ಇದರೊಳಗಿರುವುದು ಜೀವ. ಯೂರಿಯಾವನ್ನು ಅಟ್ಟದ ಮೇಲೆ ವರ್ಷ ಇಟ್ಟರೂ ಅದು ಯೂರಿಯಾನೇ, ಬ್ಯಾಕ್ಟೀರಿಯಾ ಸತ್ತರೆ ಉಳಿಯುವುದು ಕಪ್ಪು ಪುಡಿ. ಕಾನೂನಿನ ಪ್ರಕಾರ ಪುಡಿಯಾದರೆ ಗ್ರಾಮಿಗೆ ಕನಿಷ್ಠ 5 ಕೋಟಿ, ದ್ರವವಾದರೆ ಮಿಲಿಗೆ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2006ರಲ್ಲಿ ಜೀವಾಣು ಗೊಬ್ಬರವನ್ನೂ ಸೇರಿಸಿದರು. ಆದರೆ ಎಣಿಸಿ ನೋಡಲು ನಮ್ಮ ಹತ್ತಿರ ಏನಿದೆ? ತಾರೀಖು ನೋಡುವುದು, ಪೊಟ್ಟಣ ಮುಟ್ಟಿ ನೋಡುವುದು, ಅಷ್ಟೇ. ಕೊನೆಗೆ ಕೃಷಿ ಇಲಾಖೆಯ ಡಿಪೋದಲ್ಲಿ ದ್ರವದ ಬಾಟಲಿ ಹೊಸದು ಸಿಕ್ಕಿತು. ಒದ್ದೆ ಗೋಣಿಚೀಲ ಸುತ್ತಿ ಬಸ್ಸಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದೆ. ಎರಡೂ ಥರದ್ದಕ್ಕೆ ಸೇರಿ ಕೊಟ್ಟ ದುಡ್ಡು ಒಂದು ಚೀಲ ಡಿಎಪಿಯ ಅರ್ಧವೂ ಆಗಲಿಲ್ಲ.

ಬೀಜಕ್ಕೆ ಗಂಜಿಯಲ್ಲಿ ಕಲೆಸಿ ಹಚ್ಚಿ ಬಿತ್ತಿ ಅಂತ ಎಲ್ಲರೂ ಹೇಳುತ್ತಾರೆ. ರಾಗಿಗೆ ಸರಿ. ಬೀಟ್ರೂಟಿಗೆ ನಾವು ತರುವ ಹೈಬ್ರಿಡ್ ಬೀಜ ಡಬ್ಬಿ ತೆಗೆದರೆ ಗುಲಾಬಿ ಬಣ್ಣ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಅದು ಥೈರಮ್, ಬೂಷ್ಟು ಬರದಂತೆ ಕಂಪನಿಯವರೇ ಹಚ್ಚಿರುವ ಔಷಧಿ. ಅದರ ಮೇಲೆ ಬ್ಯಾಕ್ಟೀರಿಯಾ ಬಳಿದರೆ ವಿಷದ ಮೇಲೆ ಕೂರಿಸಿದ ಹಾಗೆ. ಅದಕ್ಕೇ ಬೀಜ ಬಿಟ್ಟು ಮಣ್ಣಿನ ದಾರಿ ಹಿಡಿದೆವು. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಜರಡಿ ಹಿಡಿದು ಮಾವಿನ ಮರದ ಕೆಳಗೆ ಗುಡ್ಡೆ ಹಾಕಿದೆವು. ಹಿಡಿದರೆ ಉಂಡೆಯಾಗಬೇಕು, ನೀರು ಒಸರಬಾರದು, ಆ ಹದಕ್ಕೆ ಬೋರ್ ನೀರು ಚಿಮುಕಿಸಿ ಬಾಟಲಿಯಲ್ಲಿದ್ದದ್ದನ್ನು ಕಲೆಸಿ, ಗೋಣಿ ಹೊದಿಸಿ ಒಂದು ವಾರ ಬಿಟ್ಟೆವು. ಪಂಚಾಯತಿ ನಲ್ಲಿ ನೀರಲ್ಲಿ ಬ್ಲೀಚಿಂಗ್ ಇರುತ್ತದೆ, ಅದನ್ನು ಮುಟ್ಟಲಿಲ್ಲ. ನಡುವೆ ಒಂದು ಸಲ ಗೋಣಿ ಎತ್ತಿ ಕೈ ಹಾಕಿದೆ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ಸಗಣಿ ವಾಸನೆ ಪೂರ್ತಿ ಹೋಗಿತ್ತು.

ಹಸಿ ಗೊಬ್ಬರ ಮಾತ್ರ ಬೇಡ. ಕ್ಯಾರೆಟ್ ಹಾಕುವವರಿಗೆ ಗೊತ್ತು, ಹಸಿ ಗೊಬ್ಬರ ತಗಲಿದರೆ ಬೇರು ಕವಲಾಗಿ ಇಬ್ಭಾಗವಾಗುತ್ತದೆ. ಮಂಡಿಯಲ್ಲಿ ಅದನ್ನು ಯಾರೂ ಮೂಸುವುದಿಲ್ಲ.

ನಮ್ಮ ಮಾವ ಇದನ್ನೆಲ್ಲ ಜಗುಲಿ ಮೇಲೆ ಕೂತು ನೋಡುತ್ತಿದ್ದರು. ಡಿಎಪಿ ಎರಡು ಚೀಲ ಕಮ್ಮಿ ಮಾಡ್ತೀವಿ ಅಂದಾಗ ಬಾಯಿಬಿಟ್ಟರು.

"ಗೆಡ್ಡೆ ದಪ್ಪ ಬರ್ದೇ ಹೋದ್ರೆ ಮಂಡಿಯವನು ಕೇಳ್ತಾನಾ ನಿನ್ ಕತೆಯಾ?"

"ಪೂರ್ತಿ ಹೊಲಕ್ಕೆ ಮಾಡಲ್ಲ ಮಾವ. ನಾಲ್ಕು ಪಟ್ಟೆ ಮಾಡ್ತೀನಿ. ಒಂದು ಪಟ್ಟೆ ನಿಮ್ಮ ಲೆಕ್ಕದ್ದೇ ಇರ್ಲಿ."

"ಅದಾದ್ರೂ ಸರಿಯಾದ್ ಕಡೆ ಇರ್ಲಿ, ಹಳ್ಳದ ಕಡೆ ತಳ್ಬೇಡ."

ಹೀಗೆ ಒಂದು ಎಕರೆಯನ್ನು ಇಳಿಜಾರಿನ ಉದ್ದಕ್ಕೆ ನಾಲ್ಕು ಸೀಳಿದೆವು. ಪ್ರತಿ ಪಟ್ಟೆಗೂ ಮೇಲಿನ ಒಳ್ಳೆ ಮಣ್ಣೂ ಕೆಳಗಿನ ಕಲ್ಲು ಗರಸೂ ಎರಡೂ ಸಿಗಲಿ ಅಂತ. ಹಳೇ ಸೀರೆ ಅಂಚು ಹರಿದು ಗೂಟಕ್ಕೆ ಕಟ್ಟಿದೆ. ಕೆಂಪು ಮಾವನ ಪಟ್ಟೆ, ಮಾಮೂಲಿ ಗೊಬ್ಬರ. ಹಳದಿ, ಗೊಬ್ಬರ ಕಮ್ಮಿ, ಬ್ಯಾಕ್ಟೀರಿಯಾ ಇಲ್ಲ. ಹಸಿರು, ಗೊಬ್ಬರ ಕಮ್ಮಿ, ಬ್ಯಾಕ್ಟೀರಿಯಾ ಉಂಟು. ನೀಲಿ, ಕೊಟ್ಟಿಗೆ ಗೊಬ್ಬರ ಮತ್ತು ಬ್ಯಾಕ್ಟೀರಿಯಾ ಮಾತ್ರ. ಕೊಟ್ಟಿಗೆ ಗೊಬ್ಬರ ನಾಲ್ಕಕ್ಕೂ ಸಮ, ಅದಕ್ಕೂ ಮುಂಚೆ ಇಡೀ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದ್ದೆವು. ಪೊಟ್ಯಾಶ್ ನೀಲಿ ಬಿಟ್ಟು ಮೂರಕ್ಕೂ ಸಮ, ಎಕರೆಗೆ ಒಂದು ಚೀಲದ ಲೆಕ್ಕ.

ಹಳದಿ ಪಟ್ಟೆ ಯಾಕೆ ಬೇಕು ಅಂತ ಮನೆಯವರು ಕೇಳಿದರು. ಇದೇ ಇಡೀ ಕೆಲಸದ ಜೀವ ಅಂತ ನನ್ನ ಅಭಿಪ್ರಾಯ. ಕೆಂಪು ಮತ್ತು ಹಸಿರು ಮಾತ್ರ ಇಟ್ಟು ಎರಡೂ ಸಮ ಬಂದರೆ, ಎಲ್ಲ ಬಾಟಲಿಯ ಮಹಿಮೆ ಅಂತ ಕುಣಿಯುತ್ತೇವೆ. ಗೊಬ್ಬರ ಮೊದಲೇ ಜಾಸ್ತಿಯಾಗಿತ್ತೋ, ಬ್ಯಾಕ್ಟೀರಿಯಾ ಕೆಲಸ ಮಾಡಿತೋ, ಹೇಗೆ ಗೊತ್ತಾಗಬೇಕು? ಯಾರಾದರೂ ಜೀವಾಣು ಹಾಕಿ ಅರ್ಧ ಗೊಬ್ಬರ ಉಳಿಸಿದೆ ಅಂದರೆ ನಾನು ಈಗ ಮೊದಲು ಕೇಳುವುದು, ಏನೂ ಹಾಕದೆ ಬರೀ ಕಮ್ಮಿ ಮಾಡಿ ನೋಡಿದ್ರಾ ಅಂತ.

ಕಮ್ಮಿ ಅಂದರೆ ಎಷ್ಟು ಅನ್ನುವುದರಲ್ಲೂ ಒಂದು ಮೋಸ ಇದೆ. ಡಿಎಪಿ ಎರಡು ಚೀಲ ಬಿಟ್ಟರೆ ರಂಜಕದ ಜೊತೆ ಸಾರಜನಕವೂ 18 ಕೆಜಿ ಹೋಗುತ್ತದೆ. ಜೊತೆಗೆ ಯೂರಿಯಾ ಕೂಡ ಕಡಿದರೆ ಗಿಡಕ್ಕೆ ಎರಡು ಕಡೆಯಿಂದ ಏಟು. ಹಾಗಾಗಿ ಡಿಎಪಿ ಮೂರರಿಂದ ಒಂದಕ್ಕೆ ಇಳಿಸಿ, ಯೂರಿಯಾ ಎರಡು ಚೀಲವನ್ನು ಹಾಗೇ ಇಟ್ಟೆವು. ಒಟ್ಟು ಸಾರಜನಕ ಎಕರೆಗೆ 68 ಕೆಜಿ ಇದ್ದದ್ದು 50ಕ್ಕೆ ಬಂತು. ಕಾಲು ಭಾಗ ಕಮ್ಮಿ. ಜೀವಾಣು ಗೊಬ್ಬರದ ಜೊತೆ ಸಾಮಾನ್ಯವಾಗಿ ಹೇಳುವ ಪ್ರಮಾಣವೂ ಅದೇ.

ಸಾಲು ಎಳೆದು, ಹಸಿರು ಮತ್ತು ನೀಲಿ ಪಟ್ಟೆಗೆ ಸಂಜೆ ಹೊತ್ತು ಬ್ಯಾಕ್ಟೀರಿಯಾ ಕಲೆಸಿದ ಆ ಗೊಬ್ಬರವನ್ನು ಸಾಲಿನೊಳಗೆ ಉದುರಿಸಿ, ತಕ್ಷಣ ಮಣ್ಣು ಮುಚ್ಚಿ ನೀರು ಕೊಟ್ಟೆವು. ಬಿಸಿಲಿಗೆ ಬಿಟ್ಟರೆ ಸಾಯುತ್ತದೆ. ಡಿಎಪಿ, ಪೊಟ್ಯಾಶನ್ನು ಒಂದು ವಾರ ಮೊದಲೇ ಬೇರೆ ಹಾಕಿಯಾಗಿತ್ತು. ರಸಗೊಬ್ಬರ, ಬ್ಯಾಕ್ಟೀರಿಯಾ ಎರಡನ್ನೂ ಒಂದೇ ಬುಟ್ಟಿಯಲ್ಲಿ ಕಲೆಸಿ ಎರಚುವವರನ್ನು ನೋಡಿದ್ದೇನೆ, ಕೂಲಿ ಉಳಿಯುತ್ತೆ ಅಂತ. ಉಪ್ಪಿನಂಥ ರಸಗೊಬ್ಬರದ ಜೊತೆ ಜೀವ ಉಳಿಯುತ್ತಾ?

ಬೀಟ್ರೂಟ್ ಬೀಜ ಒಂದೊಂದೂ ಎರಡು ಮೂರು ಬೀಜದ ಗಂಟು. ಒಂದು ಹಾಕಿದರೆ ಗುಂಪಾಗಿ ಮೊಳೆಯುತ್ತದೆ, ಒಂದು ಉಳಿಸಿ ಮಿಕ್ಕದ್ದು ಕೀಳಬೇಕು. ಆ ಕೆಲಸ ಹೆಂಗಸರದ್ದು, ಬೆನ್ನು ಬಗ್ಗಿಸಿ ಸಾಲಿಗೆ ಸಾಲು. ಕೀಳುವಾಗ ಪಟ್ಟೆ ಪಟ್ಟೆಯದೂ ಬೇರೆ ಬೇರೆ ಕಟ್ಟಿ ಬಕೆಟ್ ನೀರಲ್ಲಿ ಅದ್ದಿ ನೋಡಿದೆ. ಕೆಂಪು ಪಟ್ಟೆ ಸಸಿಯ ಎಲೆ ದೊಡ್ಡದು, ಕಡು ಹಸಿರು. ಬೇರು ಮಾತ್ರ ಒಂದೇ ದಾರದಂತೆ ಕೆಳಗೆ ಇಳಿದಿತ್ತು, ನೀರಿಗೆ ಅದ್ದಿದರೆ ಮಣ್ಣೆಲ್ಲ ಜಾರಿ ಬೆಳ್ಳಗಾಯಿತು. ಹಸಿರು ಪಟ್ಟೆಯದು ಎಷ್ಟು ಅಲುಗಿಸಿದರೂ ಮಣ್ಣಿನ ಸಣ್ಣ ಹರಳು ಬಿಡಲಿಲ್ಲ. ಬೆಳಕಿಗೆ ಹಿಡಿದರೆ ಬೇರಿನ ಸುತ್ತ ಮಂಜಿನಂತೆ ರೋಮ, ಹರಳುಗಳು ಅದರಲ್ಲಿ ಸಿಕ್ಕಿಕೊಂಡಿದ್ದವು. ಜೊತೆಯಲ್ಲಿದ್ದ ಚಿಕ್ಕಮ್ಮ "ಇದು ಗಟ್ಟಿ ಹಿಡ್ಕಂಡದೆ ಕಣವ್ವ" ಅಂದರು. ಹಳದಿ ಪಟ್ಟೆಯದು ಎರಡರ ನಡುವೆ.

ಆದರೆ ಬೇರಿನ ರೋಮಕ್ಕೆ ಮಂಡಿಯಲ್ಲಿ ಬೆಲೆ ಇಲ್ಲವಲ್ಲ. ಮುಂದಿನ ತಿಂಗಳು ಮಾವನ ಪಟ್ಟೆಯೇ ಕಣ್ಣಿಗೆ ಚೆಂದ. ದಾರಿಯಲ್ಲಿ ಹೋಗುವವರು ಆ ಪಟ್ಟೆ ನೋಡಿ ನಿಲ್ಲುತ್ತಿದ್ದರು. ನೀಲಿ ಪಟ್ಟೆ ಬಿಳಿಚಿಕೊಂಡಿತ್ತು, ಮಾವ ಅದರ ಹತ್ತಿರ ಹೋದಾಗೆಲ್ಲ ಸುಮ್ನೆ ಒಂದು ಸಲ ಕೆಮ್ಮುತ್ತಿದ್ದರು. ಅಷ್ಟು ಸಾಲದು ಅಂತ ಕಾಡುಹಂದಿ ಬಂತು. ಕಾಡಿನ ಕಡೆ ಇದ್ದ ನೀಲಿ ಪಟ್ಟೆಯ ಅಂಚಿನ ಸಾಲುಗಳನ್ನು ಒಂದೇ ರಾತ್ರಿ ಮೂತಿಯಲ್ಲಿ ಉತ್ತು ಹೋಯಿತು. ಆನೆ ಬಂದರೆ ಪಟಾಕಿ ಹೊಡೆಯುತ್ತೇವೆ, ಇಡೀ ಊರು ಏಳುತ್ತದೆ. ಹಂದಿಗೆ ಯಾರು ಏಳುತ್ತಾರೆ?

ಗೆಡ್ಡೆ ಕೀಳುವಾಗ ಅಂಚಿನ ಸಾಲುಗಳನ್ನು ಎಲ್ಲ ಪಟ್ಟೆಯಲ್ಲೂ ಬಿಟ್ಟು, ನಡುವಿನ ಅಷ್ಟೇ ಸಾಲುಗಳನ್ನು ತೂಗಿದೆವು. ಮೇಲಿನ ಅರ್ಧ ಬೇರೆ, ಕೆಳಗಿನ ಅರ್ಧ ಬೇರೆ. ಆಳುಗಳು ಬೈದುಕೊಂಡರು, ಮೂಟೆ ತುಂಬುವ ಕೆಲಸ ಎರಡರಷ್ಟಾಯಿತು ಅಂತ. ಬೈಗುಳಕ್ಕೆ ಒಂದು ಸುತ್ತು ಟೀ ಹೆಚ್ಚಿಗೆ ಕೊಟ್ಟೆ.

ಮೇಲಿನ ಒಳ್ಳೆ ಮಣ್ಣಲ್ಲಿ ಕೆಂಪು, ಹಳದಿ, ಹಸಿರು ಮೂರರ ತೂಕವೂ ಹೆಚ್ಚು ಕಮ್ಮಿ ಒಂದೇ. ಕೆಂಪಿನಲ್ಲಿ ತೀರಾ ದಪ್ಪ ಗೆಡ್ಡೆ, ಸೀಳು ಬಿಟ್ಟದ್ದು ಜಾಸ್ತಿ, ಮಂಡಿಯಲ್ಲಿ ಕೇಳುವುದು ಮುಷ್ಟಿ ಗಾತ್ರದ್ದು. ಅಂದರೆ ಆ ಅರ್ಧದಲ್ಲಿ ಬಾಟಲಿ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಎರಡು ಚೀಲ ಡಿಎಪಿ ದಂಡವಾಗುತ್ತಿತ್ತು, ಅದನ್ನು ಹೇಳಿದ್ದು ಮಣ್ಣಿನ ಕಾರ್ಡು. ಕೆಳಗಿನ ಗರಸಲ್ಲಿ ಕಥೆ ಬೇರೆ. ಅಲ್ಲಿ ಹಳದಿ ಹಿಂದೆ ಬಿತ್ತು, ಹಸಿರು ಕೆಂಪಿನ ಸಮಕ್ಕೆ ನಿಂತಿತು. ಮಣ್ಣು ತೆಳ್ಳಗೆ, ನೀರು ನಿಲ್ಲದ, ಗೊಬ್ಬರ ಬೇಗ ಇಳಿದು ಹೋಗುವ ಜಾಗದಲ್ಲಿ ಬೇರು ಹರಡಿದ್ದು ಲೆಕ್ಕಕ್ಕೆ ಬಂತು. ನೀಲಿಯದು ಎರಡು ಕಡೆಯೂ ಸಣ್ಣ ಗೆಡ್ಡೆ, ಮೂಟೆ ಕಮ್ಮಿ. ಬರೀ ಬ್ಯಾಕ್ಟೀರಿಯಾ ನಂಬಿ ಯೂರಿಯಾ, ಪೊಟ್ಯಾಶ್ ಪೂರ್ತಿ ಬಿಡುವುದು, ಇಂಗಾಲ ಇಷ್ಟು ಕಮ್ಮಿ ಇರುವ ನಮ್ಮ ಮಣ್ಣಲ್ಲಿ ಈಗಲೇ ಆಗುವ ಮಾತಲ್ಲ. ಬ್ಯಾಕ್ಟೀರಿಯಾಕ್ಕೂ ತಿನ್ನಲು ಏನಾದರೂ ಬೇಕು, ಅದು ಸಿಗುವುದು ಕೊಟ್ಟಿಗೆ ಗೊಬ್ಬರದಿಂದ, ಕೊಳೆತ ಸೊಪ್ಪಿನಿಂದ. ಕೊಟ್ಟಿಗೆಯಲ್ಲಿ ಹಸು ಕಮ್ಮಿಯಾಗುತ್ತಾ ಬಂದಿರುವ ಊರಲ್ಲಿ ಬಾಟಲಿ ಎಷ್ಟು ತಂದರೇನು?

ಆ ಹೊಲಕ್ಕೆ ಆಮೇಲೆ ರಾಗಿ ಹಾಕಿದೆವು, ಡಿಎಪಿ ಒಂದು ಹಿಡಿಯೂ ಹಾಕದೆ. ಯಾವ ಪಟ್ಟೆ ಎಲ್ಲಿತ್ತು ಅಂತ ಗುರುತು ಸಿಗದಷ್ಟು ಸಮವಾಗಿ ಬಂತು. ಮಣ್ಣಲ್ಲಿ ಕೂತಿದ್ದ ಹಳೇ ರಂಜಕವೇ ಸಾಕಾಯಿತು.

ಈಗ ಮತ್ತೆ ಬೀಟ್ರೂಟಿಗೆ ಉಳುಮೆ ನಡೆದಿದೆ. ಈ ಸಲ ಎಕರೆಗೆ ಡಿಎಪಿ ಅರ್ಧ ಚೀಲ, ಪೊಟ್ಯಾಶ್ ಒಂದು ಪೂರ್ತಿ ಚೀಲ, ಅದನ್ನೂ ಎರಡು ಕಂತಲ್ಲಿ. ಡಿಎಪಿ ಇಳಿದಷ್ಟು ಸಾರಜನಕಕ್ಕೆ ಯೂರಿಯಾ ಸ್ವಲ್ಪ ಹೆಚ್ಚಿಸಿಕೊಂಡೆವು. ಬ್ಯಾಕ್ಟೀರಿಯಾ ಕೆಳಗಿನ ಗರಸಿಗೆ ಮಾತ್ರ, ಅಲ್ಲಿಗೆ ಕೊಟ್ಟಿಗೆ ಗೊಬ್ಬರವೂ ಎರಡರಷ್ಟು. ಕಾಡಿನ ಅಂಚಿಗೆ ಬೀಟ್ರೂಟ್ ಬದಲು ಮೆಣಸಿನಕಾಯಿ, ಹಂದಿ ಅದನ್ನು ಮುಟ್ಟುವುದಿಲ್ಲ. ಮಾವ ತಮಗೆ ಹಳೇ ಲೆಕ್ಕದಲ್ಲೇ ಒಂದಷ್ಟು ಸಾಲು ಬೇಕು ಅಂದಿದ್ದಾರೆ. ಕೊಟ್ಟಿದ್ದೇನೆ. ಹೋಲಿಸಿ ನೋಡುವುದಕ್ಕೆ ಅದು ನನಗೂ ಬೇಕು.